ಕಣ್ಣಿಗೆ ಕಂಡಷ್ಟು

ನಾರ್ವೆಯಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ ಎಂದರೆ ನಮ್ಮೂರಿನಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. ‘ಅಲ್ಲಿ ಊಟಕ್ಕೇನು ಮಾಡ್ತೀಯ?’ ಮತ್ತು ‘ಆಕಾಶದಲ್ಲಿ ಹಸಿರು ಬೆಳಕು ಬರ್ತದಂತಲ್ಲ, ನೋಡಿದ್ಯಾ?’ ಮೊದಲನೆಯದಕ್ಕೆ ಕುಕ್ಕರ್, ಅಕ್ಕಿ, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಎಂದು ಉತ್ತರ ಹೇಳುತ್ತೇನೆ. ಎರಡನೆಯದಕ್ಕೆ ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದರೆ ಸಾಕಿತ್ತು. ಕಪ್ಪು ಬೆಟ್ಟ, ಅದರ ಮೇಲೆ ಹಚ್ಚ ಹಸಿರು ಹೊಳೆ. ನೋಡಿದವರೆಲ್ಲ ‘ಅಬ್ಬಾ’ ಎನ್ನುತ್ತಿದ್ದರು. ನನಗೂ ಅಷ್ಟೇ ಬೇಕಿತ್ತು.

ಆ ಚಿತ್ರದ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದು ಅಪ್ಪ ಒಬ್ಬನೇ. ಅವನಿಗೆ ನಾನು ಸುಳ್ಳು ಹೇಳಿದೆ.

ನಾನಿರುವುದು ಟ್ರೋಮ್ಸೊ ಎಂಬ ಊರಿನಲ್ಲಿ. ಆರ್ಕ್‌ಟಿಕ್ ವೃತ್ತದಿಂದ ಇನ್ನೂ ಸುಮಾರು 350 ಕಿಲೋಮೀಟರ್ ಉತ್ತರಕ್ಕೆ, ಒಂದು ದ್ವೀಪದ ಮೇಲೆ ಕುಳಿತಿರುವ ಪಟ್ಟಣ. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ದಿಗಂತದ ಮೇಲೆ ಬರುವುದು ಜನವರಿ ಮಧ್ಯದಲ್ಲಿ. ಸುತ್ತ ಬೆಟ್ಟಗಳಿರುವುದರಿಂದ ಅವನ ಮುಖ ಕಾಣಲು ಇನ್ನೂ ಕೆಲವು ದಿನ ಬೇಕು. ಹಾಗೆ ಕಂಡ ದಿನ ಇಲ್ಲಿಯವರು ಸೂರ್ಯನ ಹೆಸರಿನ ಸಿಹಿ ಬನ್ನು ತಿಂದು ಸಂಭ್ರಮಿಸುತ್ತಾರೆ. ನನ್ನ ಸಂಶೋಧನೆಯೂ ಈ ಕತ್ತಲೆಯ ಬಗ್ಗೆಯೇ. ಸಮುದ್ರದಲ್ಲಿ ಡಯಾಟಮ್ ಎಂಬ ಏಕಕೋಶದ ಪಾಚಿಗಳಿವೆ. ಬೆಳಕೇ ಆಹಾರವಾಗಿರುವ ಈ ಜೀವಿಗಳು ಬೆಳಕಿಲ್ಲದ ತಿಂಗಳುಗಳನ್ನು ಹೇಗೆ ಕಳೆಯುತ್ತವೆ, ಬೆಳಕು ಬಂದ ಕೂಡಲೇ ಹೇಗೆ ಮತ್ತೆ ಚಿಗುರುತ್ತವೆ ಎಂದು ನೋಡುವುದು ನನ್ನ ಕೆಲಸ. ಮೂರು ವರ್ಷದ ಕರಾರು, ತಿಂಗಳ ಸಂಬಳ. ತಿಪಟೂರು ಸೀಮೆಯ ತೆಂಗಿನ ತೋಟದಲ್ಲಿ ಬೆಳೆದವಳಿಗೆ ಹಿಮದ ಕೆಳಗಿನ ಪಾಚಿಯ ಗೊಡವೆ ಯಾಕೆ ಎಂದು ಸೋದರಮಾವ ಈಗಲೂ ಕೇಳುತ್ತಾನೆ.

ನಾನು ಇಲ್ಲಿಗೆ ಬಂದದ್ದು 2022ರ ಆಗಸ್ಟ್‌ನಲ್ಲಿ. ಆಗ ರಾತ್ರಿಗಳಲ್ಲಿ ಇನ್ನೂ ಪೂರಾ ಕತ್ತಲೆ ಇರಲಿಲ್ಲ. ಸೆಪ್ಟೆಂಬರ್‌ನ ಒಂದು ರಾತ್ರಿ ಪ್ರಯೋಗಾಲಯದ ಗೆಳೆಯರ ಜೊತೆ ದ್ವೀಪದ ನೆತ್ತಿಯಲ್ಲಿರುವ ಪ್ರೆಸ್ಟ್‌ವಾನೆ ಎಂಬ ಕೆರೆಗೆ ಹೋದೆ. ದೀಪಗಳಿಂದ ಸ್ವಲ್ಪ ದೂರವಿರುವುದರಿಂದ ಊರಿನವರು ಬೆಳಕು ನೋಡಲು ಅಲ್ಲಿಗೆ ಬರುತ್ತಾರೆ. ಒಂದು ಗಂಟೆ ಕಾದೆವು. ಕೈ ಮರಗಟ್ಟಿತು. ಉತ್ತರದ ಬೆಟ್ಟದ ಮೇಲಿಂದ ನಸುಬಿಳಿ ಮೋಡದ ಪಟ್ಟಿಯೊಂದು ಎದ್ದಿತ್ತು. ಬೆಳಗಿನ ಜಾವ ಬಚ್ಚಲೊಲೆಗೆ ಸೋಗೆ ಹಾಕಿದಾಗ ಹೆಂಚಿನ ಸಂದಿಯಿಂದ ಹೊರಟು ಮನೆಯ ಮೇಲೆಯೇ ನಿಂತುಬಿಡುವ ಹೊಗೆಯಂತಿತ್ತು.

‘ಇನ್ನೂ ಎಷ್ಟು ಹೊತ್ತಾಗಬಹುದು?’ ಎಂದು ಕೇಳಿದೆ.

‘ಆಗಲೇ ಬಂದಿದೆಯಲ್ಲ’ ಎಂದು ಗೆಳೆಯ ಆ ಹೊಗೆಯತ್ತ ಕೈ ತೋರಿಸಿದ.

ನಾನು ನಂಬಲಿಲ್ಲ. ಮೊಬೈಲನ್ನು ಅಲ್ಲಾಡಿಸದೆ ಮೂರು ಸೆಕೆಂಡ್ ಹಿಡಿಯಲು ಹೇಳಿದ. ಹಿಡಿದೆ. ಪರದೆಯ ಮೇಲೆ ಹಸಿರು ಹೊಳೆ ಹರಿಯಿತು. ತಲೆ ಎತ್ತಿದೆ, ಹೊಗೆ. ತಲೆ ತಗ್ಗಿಸಿದೆ, ಹಸಿರು. ಪಕ್ಕದಲ್ಲಿದ್ದ ಪ್ರವಾಸಿಗಳೂ ಆಕಾಶಕ್ಕೆ ಬೆನ್ನು ಹಾಕಿ ತಮ್ಮ ತಮ್ಮ ಪರದೆಗಳಿಗೇ ಉದ್ಗಾರ ತೆಗೆಯುತ್ತಿದ್ದರು.

ಮನೆಗೆ ಬಂದು ಚಿತ್ರವನ್ನು ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಚಿಕ್ಕಮ್ಮಂದಿರ ಹೃದಯಗಳು, ಮಾವನ ‘ಸೂಪರ್’, ಅಮ್ಮನ ಕೈಮುಗಿದ ಚಿತ್ರ ಎಲ್ಲ ಬಂದವು. ಗುಂಪಿನಲ್ಲಿ ಎಂದೂ ಏನೂ ಬರೆಯದ ಅಪ್ಪ ಮಾರನೆಯ ದಿನ ನನಗೊಬ್ಬಳಿಗೇ ಧ್ವನಿಸಂದೇಶ ಕಳಿಸಿದ್ದ. ಹಿಂದೆ ಮೋಟರ್ ಓಡುವ ಸದ್ದು. ‘ಚಿತ್ರ ನೋಡ್ದೆ ಕಣವ್ವ. ನಿನ್ನ ಕಣ್ಣಿಗೂ ಹಿಂಗೇ ಕಾಣ್ತಾ?’

‘ಹೂಂ ಅಪ್ಪ’ ಎಂದು ಬರೆದೆ.

ಕಣ್ಣಿಗೆ ಯಾಕೆ ಹಾಗೆ ಕಾಣುವುದಿಲ್ಲ ಎನ್ನುವುದನ್ನು ಆಮೇಲೆ ಓದಿ ತಿಳಿದುಕೊಂಡೆ. ಸೂರ್ಯನಿಂದ ಸದಾ ಬೀಸುವ ವಿದ್ಯುದಾವೇಶದ ಕಣಗಳ ಗಾಳಿ ಭೂಮಿಯ ಕಾಂತಕ್ಷೇತ್ರಕ್ಕೆ ಶಕ್ತಿ ತುಂಬುತ್ತದೆ. ಆ ಶಕ್ತಿಯಿಂದ ವೇಗ ಪಡೆದ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಇಳಿದು, ಧ್ರುವಗಳ ಸುತ್ತ ಉಂಗುರದಂತಿರುವ ವಲಯದಲ್ಲಿ ಮೇಲಿನ ವಾತಾವರಣಕ್ಕೆ ಡಿಕ್ಕಿ ಹೊಡೆಯುತ್ತವೆ. 100ರಿಂದ 150 ಕಿಲೋಮೀಟರ್ ಎತ್ತರದ ಆಮ್ಲಜನಕ ಹಸಿರು ಸೂಸುತ್ತದೆ, 200 ಕಿಲೋಮೀಟರಿಗಿಂತ ಮೇಲಿನದು ಕೆಂಪು. ಬೆಳಕಿನ ಕೆಳ ಅಂಚಿನಲ್ಲಿ ಒಮ್ಮೊಮ್ಮೆ ಕಾಣುವ ಗುಲಾಬಿ ಸಾರಜನಕದ್ದು. ಆದರೆ ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಅದಕ್ಕೇ ಕ್ಷೀಣವಾದ ಧ್ರುವಪ್ರಭೆ ಬೂದು ಬಣ್ಣದ ಮೋಡದಂತೆ ಕಾಣುತ್ತದೆ. ಕ್ಯಾಮೆರಾ ಸೆಕೆಂಡುಗಟ್ಟಲೆ ಬೆಳಕನ್ನು ಕೂಡಿಸಿಟ್ಟುಕೊಂಡು ಬಣ್ಣ ತೋರಿಸುತ್ತದೆ. ಅಂದರೆ ಚಿತ್ರವೂ ಸುಳ್ಳಲ್ಲ, ಕಣ್ಣೂ ಸುಳ್ಳಲ್ಲ. ಸುಳ್ಳು ಇದ್ದದ್ದು ನನ್ನ ‘ಹೂಂ’ನಲ್ಲಿ.

ಅದು ಅಂಥ ದೊಡ್ಡ ಸುಳ್ಳೇನೂ ಅಲ್ಲ, ನಿಜ. ಆದರೆ ಅದಕ್ಕೆ ಮರಿ ಹುಟ್ಟಿದವು.

2023ರ ನವೆಂಬರ್‌ನ ಒಂದು ಶುಕ್ರವಾರ ಸಂಜೆ ನಾನು ಬೆಳೆಸಿದ ಪಾಚಿಗಳಿದ್ದ ಶೈತ್ಯಪೆಟ್ಟಿಗೆಯ ಉಷ್ಣಾಂಶ ಸರಿಪಡಿಸಿ ಮನೆಗೆ ಹೋದೆ. 2 ಡಿಗ್ರಿ ಎಂದು ಒತ್ತಬೇಕಿತ್ತು. 20 ಎಂದು ಒತ್ತಿದ್ದೆ. ಸೋಮವಾರ ಬಾಗಿಲು ತೆಗೆದಾಗ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಹಿಮದ ನೀರಿಗೆ ಒಗ್ಗಿದ ಜೀವಿಗಳು ಅಷ್ಟು ಶಾಖ ತಡೆಯುವುದಿಲ್ಲ. ಒಂದು ವರ್ಷದ ಕೆಲಸ ಸೀಸೆಗಳ ತಳದಲ್ಲಿ ಗಸಿಯಂತೆ ಕೂತಿತ್ತು. ಯಾರನ್ನೂ ದೂರುವಂತಿರಲಿಲ್ಲ. ಒಂದು ಸೊನ್ನೆ, ಅದೂ ನನ್ನ ಬೆರಳಿನದೇ.

ಆ ವಾರವೇ ಸೂರ್ಯನೂ ಹೋದ. ಬೆಳಿಗ್ಗೆ ಏಳುವುದಕ್ಕೂ ರಾತ್ರಿ ಮಲಗುವುದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹಾಸಿಗೆಯಿಂದ ಏಳದ ದಿನಗಳಿದ್ದವು. ಊರಿನಿಂದ ಫೋನ್ ಬಂದರೆ ಗಂಟಲು ಸರಿಮಾಡಿಕೊಂಡು ‘ಎಲ್ಲ ಚೆನ್ನಾಗಿದೆ, ಬರೀತಾ ಇದೀನಿ’ ಎನ್ನುತ್ತಿದ್ದೆ. ಧ್ರುವಪ್ರಭೆಯ ಚಿತ್ರಗಳನ್ನು ನಾನು ಅತಿ ಹೆಚ್ಚು ಕಳಿಸಿದ್ದು ಆ ಚಳಿಗಾಲದಲ್ಲೇ. ಕಿಟಕಿ ತೆರೆದು, ಮೊಬೈಲ್ ಹೊರಗೆ ಚಾಚಿ, ಮೂರು ಸೆಕೆಂಡ್ ಹಿಡಿದು, ಕಿಟಕಿ ಮುಚ್ಚಿ, ಚಿತ್ರ ಕಳಿಸಿ, ಮತ್ತೆ ಹೊದ್ದುಕೊಳ್ಳುತ್ತಿದ್ದೆ. ಆಕಾಶವನ್ನು ನೋಡುತ್ತಲೇ ಇರಲಿಲ್ಲ. ಅಪ್ಪನೂ ಆಗಾಗ ತೋಟದ ಚಿತ್ರ ಕಳಿಸುತ್ತಿದ್ದ. ಬಾವಿಯ ಪಕ್ಕದ ಸಾಲು, ತುಂಬು ಗೊನೆ. ‘ತೋಟ ಚೆನ್ನಾಗಿದೆ’ ಎಂದು ನಾನು ಬರೆಯುತ್ತಿದ್ದೆ. ‘ಆಕಾಶ ಚೆನ್ನಾಗಿದೆ’ ಎಂದು ಅಮ್ಮನ ಕೈಲಿ ಅವನು ಬರೆಸುತ್ತಿದ್ದ.

ಆ ದಿನಗಳಲ್ಲಿ ನನಗೆ ಸಮಾಧಾನ ಕೊಟ್ಟವನು ಕ್ರಿಸ್ತಿಯಾನ್ ಬಿರ್ಕೆಲಾನ್ ಎಂಬ ವಿಜ್ಞಾನಿ. 1899ರಲ್ಲಿ ಇಲ್ಲಿಂದ ಇನ್ನೂ ಮುಂದಿರುವ ಅಲ್ತಾ ಬಳಿಯ ಹಾಲ್ದೆ ಬೆಟ್ಟದ ತುದಿಯಲ್ಲಿ ಧ್ರುವಪ್ರಭೆಗೆಂದೇ ವೀಕ್ಷಣಾಲಯ ಕಟ್ಟಿಸಿದವನು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕಾಂತದ ಪುಟ್ಟ ಭೂಗೋಳವಿಟ್ಟು, ಅದಕ್ಕೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಧ್ರುವಗಳ ಸುತ್ತ ಬೆಳಕಿನ ಉಂಗುರ ಎಬ್ಬಿಸಿ ತೋರಿಸಿದ. ಆಕಾಶದಿಂದ ಕಾಂತರೇಖೆಗಳ ಗುಂಟ ವಿದ್ಯುತ್ ಹರಿಯುತ್ತದೆ ಎಂಬ ಅವನ ಮಾತನ್ನು ದೊಡ್ಡವರು ಒಪ್ಪಲಿಲ್ಲ. 1917ರಲ್ಲಿ ಟೋಕಿಯೋದಲ್ಲಿ ತೀರಿಕೊಂಡ. ಸುಮಾರು ಐವತ್ತು ವರ್ಷಗಳ ಮೇಲೆ ಉಪಗ್ರಹಗಳು ಅಳೆದು ನೋಡಿದಾಗ ಆ ವಿದ್ಯುತ್ ಅಲ್ಲಿತ್ತು. ನಾರ್ವೆ ಅವನ ಮುಖವನ್ನು 200 ಕ್ರೋನರ್ ನೋಟಿನ ಮೇಲೂ ಅಚ್ಚು ಹಾಕಿತು. ಹಾಸಿಗೆಯಲ್ಲಿ ಮಲಗಿ ಇದನ್ನೆಲ್ಲ ಓದಿ ಧೈರ್ಯ ತಂದುಕೊಳ್ಳುತ್ತಿದ್ದೆ. ಸತ್ತ ಐವತ್ತು ವರ್ಷಕ್ಕೆ ಬರುವ ಮನ್ನಣೆ ಮೂರು ವರ್ಷದ ಕರಾರಿಗೆ ಹೊಂದುವುದಿಲ್ಲ ಎನ್ನುವುದು ನಿಧಾನಕ್ಕೆ ಹೊಳೆಯಿತು.

2024ರ ಮೇ 10ರಂದು ಇಪ್ಪತ್ತು ವರ್ಷಗಳಲ್ಲೇ ಕಾಣದಷ್ಟು ದೊಡ್ಡ ಸೌರ ಬಿರುಗಾಳಿ ಭೂಮಿಗೆ ಬಡಿಯಿತು. ಎಂದೂ ಧ್ರುವಪ್ರಭೆ ಕಾಣದ ನಾಡುಗಳ ಆಕಾಶವೆಲ್ಲ ಗುಲಾಬಿ, ಕೆಂಪು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯವರು ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳಲ್ಲೂ ದಿಗಂತದ ಕೆಂಪು ದಾಖಲಾಯಿತು. ಗೆಳತಿಯರು ಬೆಂಗಳೂರಿನಿಂದ ‘ನಿನ್ನ ಕಡೆ ಹೇಗಿದೆ? ಚಿತ್ರ ಕಳಿಸು!’ ಎಂದು ಬರೆದರು. ನಮ್ಮ ಕಡೆ ಏನೂ ಇರಲಿಲ್ಲ. ಮೇ ತಿಂಗಳಲ್ಲಿ ಟ್ರೋಮ್ಸೊದ ನಡುರಾತ್ರಿಯೂ ಬೆಳಗಾಗಿರುತ್ತದೆ. ತಲೆಯ ಮೇಲೆ ಆ ಬೆಳಕು ಕುಣಿಯುತ್ತಲೇ ಇದ್ದಿರಬೇಕು, ಕಾಣುವಷ್ಟು ಕತ್ತಲೆ ಮಾತ್ರ ಇರಲಿಲ್ಲ. ನಾನು ದಪ್ಪ ಪರದೆ ಎಳೆದು ಮಲಗಿ ಹಾನ್ಲೆಯ ಕೆಂಪನ್ನು ಮೊಬೈಲಿನಲ್ಲಿ ನೋಡಿದೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದು ದಿನ ಅಮ್ಮ ಫೋನ್ ಮಾಡಿದಳು. ‘ತೋಟದ ಕಡೆ ಚಿರತೆ ಓಡಾಡ್ತೈತಂತೆ ಕಣೇ. ತ್ರೀ ಫೇಸ್ ಕರೆಂಟು ಕೊಡೋದೇ ರಾತ್ರಿ ಹನ್ನೆರಡಕ್ಕೆ. ನಿಮ್ಮಪ್ಪ ಒಂಟಿಯಾಗಿ ಹೋಗ್ತಾನೆ. ಮಾತಾಡ್ತಿದ್ರೆ ಅದು ಹತ್ರ ಬರಲ್ವಂತೆ. ನಿಂಗೆ ಆಗ ಸಂಜೆ ತಾನೇ, ಒಂದು ಫೋನ್ ಮಾಡು.’

ಅಪ್ಪ, ನಾನು ಫೋನಿನಲ್ಲಿ ಎರಡು ನಿಮಿಷ ಮಾತಾಡಿದ್ದೇ ಇಲ್ಲ. ‘ಹೆಂಗಿದೀಯವ್ವ? ಊಟ ಆಯ್ತಾ? ತಡಿ, ನಿಮ್ಮಮ್ಮಂಗೆ ಕೊಡ್ತೀನಿ’ ಎಂಬಲ್ಲಿಗೆ ಮುಗಿಯುತ್ತಿತ್ತು. ಆ ರಾತ್ರಿ ಫೋನ್ ಕೊಡಲು ತೋಟದಲ್ಲಿ ಅಮ್ಮ ಇರಲಿಲ್ಲ.

ನನಗೆ ಸಂಜೆ ಏಳೂವರೆ, ಅವನಿಗೆ ರಾತ್ರಿ ಹನ್ನೆರಡು. ನಾನು ಬಸ್ ಇಳಿದು ಅದೇ ಪ್ರೆಸ್ಟ್‌ವಾನೆ ಕೆರೆಯ ದಾರಿಯಲ್ಲಿ ಮನೆಗೆ ನಡೆಯುತ್ತಿದ್ದೆ. ವಿಡಿಯೊ ಕಾಲ್‌ನಲ್ಲಿ ಟಾರ್ಚಿನ ಬೆಳಕು, ಮಂಕಿಟೋಪಿ, ಸ್ಟಾರ್ಟರ್ ಡಬ್ಬಿ. ಮೋಟರ್ ಗುಂಯ್ ಎಂದು ಎದ್ದಿತು. ಚಿರತೆಗೆ ಕೇಳಲೆಂದೋ ಏನೋ ಅಪ್ಪ ಜೋರಾಗಿ ಸಿಳ್ಳೆ ಹೊಡೆದ.

ಅಷ್ಟರಲ್ಲಿ ನನ್ನ ಮುಂದಿದ್ದ ಹಿಮ ಹಸಿರಾಯಿತು. ಆಕಾಶವಲ್ಲ, ಮೊದಲು ಕಂಡದ್ದು ಕಾಲಡಿಯ ಹಿಮ. ತಲೆ ಎತ್ತಿದೆ. ಎರಡು ವರ್ಷ ಮೊಬೈಲಿನಲ್ಲಿ ಮಾತ್ರ ನೋಡಿದ್ದ ಹಸಿರು ಕಣ್ಣೆದುರಿಗೇ ಇತ್ತು. ಬೆಟ್ಟದಿಂದ ಬೆಟ್ಟಕ್ಕೆ ಕಟ್ಟಿದ ತೋರಣದಂತೆ ನಿಂತಿದ್ದುದು ನೋಡನೋಡುತ್ತ ಮಡಿಕೆ ಬಿದ್ದು ಹರಿದಾಡತೊಡಗಿತು.

‘ಅಪ್ಪ, ಬಂತು! ನೋಡು!’ ಎಂದು ಮೊಬೈಲನ್ನು ಮೇಲಕ್ಕೆ ತಿರುಗಿಸಿದೆ.

‘ಏನೂ ಕಾಣ್ತಿಲ್ಲ ಕಣವ್ವ. ಬರೀ ಕಪ್ಪಗೈತೆ.’ ವಿಡಿಯೊ ಕಾಲ್‌ಗೆ ಮೂರು ಸೆಕೆಂಡ್ ಕಾಯುವ ವ್ಯವಧಾನವಿಲ್ಲ. ‘ಅದು ಬಿಡು. ನೀನೇ ನೋಡಿ ಹೇಳು.’

ಮೊಬೈಲನ್ನು ಕಿವಿಗೆ ಇಟ್ಟುಕೊಂಡೆ.

‘ಹಸಿರು’ ಎಂದೆ.

‘ಯಾವ ಹಸಿರು?’

ಅಪ್ಪನಿಗೆ ಹಸಿರು ಒಂದು ಬಣ್ಣವಲ್ಲ. ರಾಗಿ ಪೈರಿನದು ಬೇರೆ, ಸೋಗೆಯದು ಬೇರೆ, ನೀರು ಹೆಚ್ಚಾದ ಗಿಡದ್ದು ಬೇರೆ. ಸರಿಯಾಗಿ ನೋಡಿದೆ. ‘ಬಾಳೆ ಸುರುಳಿ ಬಿಚ್ಚೋವಾಗ ಇರ್ತದಲ್ಲ ಅಪ್ಪ, ಹಳದಿ ಬೆರೆತ ಎಳೇ ಹಸಿರು. ಕೆಳಗೆ ಗುಲಾಬಿ ಅಂಚು. ಅಮ್ಮ ಒಗೆದ ಸೀರೆ ಝಾಡಿಸ್ತಾಳಲ್ಲ ಹಂಗೆ ಬಳುಕ್ತಾ ಇದೆ.’

‘ಸದ್ದು?’

‘ಇಲ್ಲ. ಇದರ ಕೆಳಗೆ ಸಿಳ್ಳೆ ಹೊಡೀಬಾರದು ಅಂತ ಇಲ್ಲಿನ ಸಾಮಿ ಜನ ಮಕ್ಕಳಿಗೆ ಹೇಳ್ತಾರಂತೆ.’

‘ನಮ್ಮಲ್ಲೂ ರಾತ್ರಿ ಸಿಳ್ಳೆ ಹೊಡೆದ್ರೆ ಹಾವು ಬರ್ತದೆ ಅಂತಿರಲಿಲ್ವ ನಿಮ್ಮಜ್ಜಿ.’ ಸ್ವಲ್ಪ ಹೊತ್ತು ಬಿಟ್ಟು, ‘ಅದ್ರಲ್ಲಿ ಕರೆಂಟ್ ಐತಾ?’ ಎಂದ.

ಇದೆ ಎಂದೆ. 1989ರ ಮಾರ್ಚಿನಲ್ಲಿ ಇಂಥದೇ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲ 90 ಸೆಕೆಂಡಿನಲ್ಲಿ ಕುಸಿದು, 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲೆಯಲ್ಲಿದ್ದರೆಂದು ಹೇಳಿದೆ.

‘ಒಂಬತ್ತೇ ಗಂಟೆನಾ? ನಮ್ಮ ಟಿಸಿ ಸುಟ್ಟು ಒಂಬತ್ತು ದಿನ ಆಗಿತ್ತು ಹೋದ ತಿಂಗಳು. ಲೈನ್‌ಮನ್ನಿಗೆ ಹೇಳ್ತೀನಿ ತಡಿ, ಸೂರ್ಯನ ಮೇಲೆ ಹಾಕು ಅಂತ.’ ಇಬ್ಬರೂ ನಕ್ಕೆವು. ಅಪ್ಪ ಫೋನಿನಲ್ಲಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಗ ಬೆಳಕು ನೆತ್ತಿಗೆ ಬಂತು. ನಡುವಿನ ಒಂದು ಬಿಂದುವಿನಿಂದ ಕಿರಣಗಳು ಎಲ್ಲ ದಿಕ್ಕಿಗೂ ಚೆಲ್ಲಿಕೊಂಡವು. ವಿಜ್ಞಾನಿಗಳು ಇದನ್ನು ಕಿರೀಟ ಎನ್ನುತ್ತಾರೆ. ಕಿರಣಗಳು ನಿಜದಲ್ಲಿ ಒಂದಕ್ಕೊಂದು ಸಮಾನಾಂತರವಾಗಿಯೇ ಇಳಿಯುತ್ತವೆ, ಕೆಳಗೆ ನಿಂತವರಿಗೆ ಒಂದೆಡೆ ಸೇರಿದಂತೆ ಕಾಣುತ್ತದೆ. ನನಗೆ ಆ ಹೊತ್ತಿನಲ್ಲಿ ಕಿರೀಟ ನೆನಪಾಗಲಿಲ್ಲ.

‘ಅಪ್ಪ, ತೆಂಗಿನ ಮರದ ಬುಡಕ್ಕೆ ಒರಗಿ ನಿಂತು ಮೇಲೆ ನೋಡಿದ್ರೆ ಸುಳಿ ಕಾಣ್ತದಲ್ಲ, ಸುತ್ತ ಗರಿ ಹರಡಿಕೊಂಡು? ಹಂಗೇ ಇದೆ. ಆಕಾಶಕ್ಕೆಲ್ಲ ಒಂದೇ ಸುಳಿ.’

ಆ ಕಡೆಯಿಂದ ಮೋಟರ್ ಸದ್ದು ಮಾತ್ರ ಬರುತ್ತಿತ್ತು. ಲೈನ್ ಹೋಯಿತೇನೋ ಎಂದುಕೊಂಡೆ.

‘ಹಿಂದಿನ ತೋಟದಾಗೆ ಸುಳಿ ಬಿದ್ದೋಗವೆ ಕಣವ್ವ’ ಎಂದ ಅಪ್ಪ. ‘ನಲವತ್ತು ಮರ. ಮೂತಿ ಹುಳ ಹೊಕ್ಕೈತೆ. ಬೋರಲ್ಲಿ ನೀರೂ ಅರ್ಧ ಇಂಚಿಗೆ ಬಂದೈತೆ. ನಿಂಗೆ ಹೇಳಬ್ಯಾಡ ಅಂದಿದ್ದೆ ನಿಮ್ಮಮ್ಮಂಗೆ. ಓದೋ ಹುಡುಗಿ.’

ಅವನು ಕಳಿಸಿದ್ದ ಚಿತ್ರಗಳೆಲ್ಲ ಬಾವಿ ಪಕ್ಕದ ಸಾಲಿನವು ಎನ್ನುವುದು ಆಗ ಹೊಳೆಯಿತು. ಪ್ರತಿಸಲವೂ ಅದೇ ಸಾಲು.

ಸುಳಿ ಬಿದ್ದ ಮರ ಮತ್ತೆ ಚಿಗುರುವುದಿಲ್ಲ. ಅಡಿಕೆ, ತೆಂಗು ಬೆಳೆಯುವ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋಳು ಕಂಬಗಳ ನಡುವೆ ಟಾರ್ಚು ಹಿಡಿದು ನಿಂತಿರುವ ಅಪ್ಪನಿಗೆ ನಾನು ಏನು ಹೇಳಬಹುದಿತ್ತು? ನನ್ನ ಬಳಿ ಇದ್ದದ್ದು ಒಂದೇ. ಶುಕ್ರವಾರ ಸಂಜೆಯ ಸೊನ್ನೆಯ ಕತೆ ಹೇಳಿದೆ. ಒಂದು ವರ್ಷದಿಂದ ಏನೂ ಬರೆದಿಲ್ಲವೆಂದೆ. ಕರಾರಿನ ಅವಧಿಯೊಳಗೆ ಮುಗಿಯುವುದಿಲ್ಲ, ಮುಂದಕ್ಕೆ ಹಾಕಿಸಲು ಕೇಳಿದ್ದೇನೆ, ಉತ್ತರ ಬಂದಿಲ್ಲವೆಂದೆ. ಹೇಳುತ್ತ ಹೇಳುತ್ತ ಅತ್ತೆ. ಅಳು ರೆಪ್ಪೆಯ ಮೇಲೆ ಹೆಪ್ಪುಗಟ್ಟಿತು.

ಅಪ್ಪ ಪೂರಾ ಕೇಳಿಸಿಕೊಂಡ. ‘ಸತ್ತಿದ್ದಕ್ಕೆ ನಿನ್ನ ಕೈಯಿಂದ ದುಡ್ಡು ಕಟ್ಟಬೇಕಾ?’ ಎಂದು ಕೇಳಿದ.

‘ಇಲ್ಲ.’

‘ಬಿತ್ತನೆಗೆ ಏನಾರ ಉಳಿದೈತಾ?’

ಉಳಿದಿತ್ತು. ಬೇರೆ ಕೋಣೆಯ ಮೂಲೆಯಲ್ಲಿ ಬೆಳಕಿಲ್ಲದೆ ಇಟ್ಟು ನಾನು ಮರೆತೇಬಿಟ್ಟಿದ್ದ ಎರಡು ಸೀಸೆಗಳು. ಆ ಮಾತು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

‘ಎರಡು ಸೀಸೆ’ ಎಂದೆ.

‘ಹಂಗಾದ್ರೆ ಇನ್ನೊಂದು ಸಲ ಬೆಳೆಸು’ ಎಂದವನೇ ‘ಅಯ್ಯೋ, ಕರೆಂಟ್ ಹೋಯ್ತು’ ಎಂದ. ಮೋಟರ್ ನಿಂತಿತು. ಮನೆ ತಲುಪುವವರೆಗೂ ಫೋನ್ ಇಡಬೇಡ ಎಂದೆ. ಅವನ ಹೆಜ್ಜೆಯ ಸದ್ದು, ನಾಯಿ ಬೊಗಳಿದ್ದು, ಅಮ್ಮ ಅಗುಳಿ ತೆಗೆದದ್ದು ಎಲ್ಲ ಕೇಳಿಸಿತು. ಅಷ್ಟರಲ್ಲಿ ನನ್ನ ಆಕಾಶವೂ ಮಬ್ಬಾಗಿತ್ತು. ಚೂರುಚೂರು ಬೂದು ಮೋಡ ಉಸಿರಾಡುವಂತೆ ಮಿನುಗಿ ಆರುತ್ತಿತ್ತು.

ಆ ರಾತ್ರಿಯ ಒಂದು ಚಿತ್ರವೂ ನನ್ನಲ್ಲಿಲ್ಲ. ಅಷ್ಟು ಹೊತ್ತೂ ಮೊಬೈಲ್ ಕಿವಿಯಲ್ಲಿತ್ತು. ಊರಿಗೆ ಹೋದಾಗ ಯಾರಾದರೂ ಕೇಳಿದರೆ ಈಗ ಬಾಯಲ್ಲೇ ಹೇಳಬೇಕು. ಬಹಳ ಸಲ ಹೊಗೆಯಂತೆ ಕಾಣುತ್ತದೆ, ಒಂದು ಸಲ ಮಾತ್ರ ತೆಂಗಿನ ಸುಳಿಯಂತೆ ಕಂಡಿತು ಎನ್ನುತ್ತೇನೆ. ಹೊಗೆ ಎಂದ ಕೂಡಲೇ ಅರ್ಧ ಜನಕ್ಕೆ ಆಸಕ್ತಿ ಹೋಗುತ್ತದೆ.

ಕರಾರು ಆರು ತಿಂಗಳು ಮುಂದಕ್ಕೆ ಹೋಯಿತು, ನಾನು ಕೇಳಿದ್ದು ಒಂದು ವರ್ಷ. ಎರಡು ಸೀಸೆಗಳಲ್ಲಿ ಒಂದು ಕತ್ತಲೆಯಲ್ಲೇ ಸತ್ತಿತ್ತು. ಇನ್ನೊಂದನ್ನು ಬೆಳಕಿಗಿಟ್ಟ ಕೆಲವು ದಿನಕ್ಕೆ ನೀರು ಬಣ್ಣಕ್ಕೆ ತಿರುಗಿತು. ಡಯಾಟಮ್‌ಗಳ ಬಣ್ಣ ಹಸಿರಲ್ಲ, ತಿಳಿ ಕಾಫಿಯಂಥ ಹೊಂಗಂದು. ನೋಡಲು ಏನೂ ಚೆಂದವಿಲ್ಲ. ಆ ಸೀಸೆಯ ಚಿತ್ರ ತೆಗೆದು ಅಪ್ಪನಿಗೆ ಕಳಿಸಿದೆ.

ಮಾರನೆಯ ದಿನ ಅವನ ಕಡೆಯಿಂದ ಹಿಂದಿನ ತೋಟದ ಚಿತ್ರ ಬಂತು. ತಲೆಯಿಲ್ಲದ ಕಂಬಗಳು, ಅವುಗಳ ನಡುವೆ ಹೊಸದಾಗಿ ತೆಗೆದ ಗುಂಡಿಗಳು. ಜೊತೆಗೆ ಒಂದು ಧ್ವನಿಸಂದೇಶ. ‘ನಿನ್ನ ಸೀಸೆ ನೋಡ್ದೆ ಕಣವ್ವ. ನಿನ್ನ ಕಣ್ಣಿಗೂ ಹಿಂಗೇ ಕಾಣ್ತಾ?’

ಸೀಸೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ.

‘ಹೂಂ ಅಪ್ಪ, ಹಿಂಗೇ’ ಎಂದು ಬರೆದೆ.